ಟವರ್ ಸುಟ್ಟುಹೋದ ಬೇಸಿಗೆ

ಹೋದ ತಿಂಗಳು ಶಿರಸಿಯಲ್ಲಿ ಹೊಸ ಮೊಬೈಲು ಕೊಂಡೆ. ಹಳೆಯದರಲ್ಲಿದ್ದ ಫೋಟೋಗಳನ್ನು, ನಂಬರುಗಳನ್ನು ಹೊಸದಕ್ಕೆ ಸಾಗಿಸುತ್ತಿದ್ದ ಅಂಗಡಿಯವರು ನಡುವೆ ತಲೆಯೆತ್ತಿ, "ಬ್ಲೂಟೂತ್ ಪಟ್ಟೀಲಿ ‘ಗ್ರಂಥಾಲಯ’ ಅಂತ ಒಂದು ಕಂಪ್ಯೂಟರ್ ಇದೆ ಮೇಡಂ. ಅಳಿಸ್ಲಾ?" ಎಂದು ಕೇಳಿದರು. ಬೇಡ ಎಂದೆ. ಫ್ಯಾನಿನ ಕೆಳಗೆ ಕೂತಿದ್ದರೂ ಅಂಗೈ ಬೆವರಿತು. ನಾಲ್ಕು ವರ್ಷವಾಯಿತು. ಆ ಬೇಸಿಗೆಯ ಯಾವ ತುಣುಕು ನೆನಪಾದರೂ ಮೊದಲು ಬೆವರುವುದು ಅಂಗೈಯೇ.

ನನ್ನ ತವರು ಸಿದ್ದಾಪುರ ತಾಲೂಕಿನ ಮನ್ಮನೆ. ಮದುವೆಯಾಗಿ ಬಂದದ್ದು ಎಕ್ಕಂಬಿಯಿಂದ ಆಚೆಗಿನ ಊರಿಗೆ. ಇಲ್ಲಿನವರ ಮಾತು ಹಾವೇರಿ ಕಡೆಗೆ ವಾಲಿದ್ದು. ನಾನು ‘ಎಂತ’ ಅಂದರೆ ಮೊದಮೊದಲು ನಗುತ್ತಿದ್ದರು. ಪಂಚಾಯತಿ ಗ್ರಂಥಾಲಯದ ಮೇಲ್ವಿಚಾರಕಿಯಾಗಿ ಆಗ ನನಗೆ ಎರಡನೆಯ ವರ್ಷ. ಪಂಚಾಯತಿ ಕಟ್ಟಡದ ಬಲಬದಿಯ ಕೋಣೆ, ಆರು ಕಪಾಟು, ಎರಡು ಉದ್ದ ಮೇಜು, ಒಂದು ಕಂಪ್ಯೂಟರು. ಆ ಕಂಪ್ಯೂಟರಿಗೆ ಕ್ಯಾಮೆರಾ ಇರಲಿಲ್ಲ, ಮೈಕೂ ಇರಲಿಲ್ಲ. ಶಾಲೆಯ ಮಕ್ಕಳಿಗೆ ಕಥೆ ಕೇಳಿಸಲೆಂದು ಒಂದು ಬ್ಲೂಟೂತ್ ಸ್ಪೀಕರು ಬಂದಿತ್ತು. ಅದರ ಜೊತೆಗೆ, ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಲು ಉಗುರಿನಷ್ಟು ಚಿಕ್ಕ ಬ್ಲೂಟೂತ್ ಕಡ್ಡಿಯೂ ಬಂದಿತ್ತು.

ಆ ವರ್ಷ ಯುಗಾದಿ ಕಳೆದು ಎರಡು ವಾರಕ್ಕೆ ಒಂದು ಮಧ್ಯಾಹ್ನ ಗುಡುಗು ಶುರುವಾಯಿತು. ನಾಲ್ಕು ಹನಿ ಮಳೆಯೂ ಬರಲಿಲ್ಲ, ಸಿಡಿಲು ಮಾತ್ರ ಬಡಿಯಿತು. ಗುಡ್ಡದ ಮೇಲಿನ ಮೊಬೈಲ್ ಟವರಿನ ಬುಡದ ಕೋಣೆಯಿಂದ ಸಂಜೆಯವರೆಗೆ ಹೊಗೆ ಎದ್ದಿತು. ಪಂಚಾಯತಿಗೆ ಕಂಬದ ಮೇಲಿಂದ ಬರುತ್ತಿದ್ದ ಇಂಟರ್ನೆಟ್ಟಿನ ಪೆಟ್ಟಿಗೆಯೂ ಕರಗಿತು. ಐದನೆಯ ದಿನ ಒಬ್ಬರು ಬಂದು ಆ ಜಾಗದಲ್ಲಿ ಯಾವುದೋ ಹಳೆಯ ಪೆಟ್ಟಿಗೆ ಕೂರಿಸಿದರು. ಅದಕ್ಕೆ ವೈಫೈ ಇಲ್ಲ. ಒಂದು ತಂತಿ ಕಚೇರಿಗೆ, ಇನ್ನೊಂದು ನನ್ನ ಕಂಪ್ಯೂಟರಿಗೆ, ಅಷ್ಟೇ. ಟವರಿನವರು ಎರಡು ಸಲ ಜೀಪಿನಲ್ಲಿ ಬಂದು ನೋಡಿ, ಸಾಮಾನು ಬರಬೇಕು ಎಂದು ಹೇಳಿ ಹೋದರು.

ಊರಿನ ಮೊಬೈಲುಗಳೆಲ್ಲ ಗಡಿಯಾರಗಳಾದವು. ಮಾತಾಡಬೇಕಾದವರು ಮೂರು ಕಿಲೋಮೀಟರ್ ದೂರದ ಮೋರಿಯ ತನಕ ಹೋಗಬೇಕು. ಎಕ್ಕಂಬಿ ರಸ್ತೆಯ ಆ ಮೋರಿಯ ಕಟ್ಟೆಯ ಮೇಲೆ ಸಂಜೆಯಾದರೆ ಸಂತೆ ಕೂಡಿದಂತೆ ಜನ.

ಗಂಗವ್ವ ಮಾತ್ರ ಮೋರಿಗೆ ಹೋಗುವಂತಿರಲಿಲ್ಲ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಗಂಗವ್ವ, ಸಿಡಿಲು ಬಡಿಯುವುದಕ್ಕೆ ಎಂಟು ದಿನ ಮೊದಲು ಬಸ್ಸಿನ ಮೆಟ್ಟಿಲಿನಿಂದ ಜಾರಿಬಿದ್ದು ಬಲಗಾಲು ಮುರಿದುಕೊಂಡಿದ್ದಳು. ತೊಡೆಯ ತನಕ ಸಿಮೆಂಟಿನ ಪಟ್ಟಿ. ಗಂಡ ತೀರಿಕೊಂಡು ಬಹಳ ವರ್ಷ. ಇರುವುದು ಒಬ್ಬಳೇ ಮಗಳು, ರೇಣುಕಾ. ರೇಣುಕಾಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಶಾಲೆಯ ಹಿಂದಿನ ಬೆಂಚಿನಲ್ಲಿ ನಾಲ್ಕು ವರ್ಷ ಕೂತು ತನ್ನ ಹೆಸರು ಬರೆಯಲು ಕಲಿತದ್ದು ಬಿಟ್ಟರೆ ಅಕ್ಷರವೂ ಇಲ್ಲ. ಇದ್ದದ್ದು ತಾಯಿ ಮಗಳು ಇಬ್ಬರೇ ಸೇರಿ ಇಪ್ಪತ್ನಾಲ್ಕು ವರ್ಷದಲ್ಲಿ ಕಟ್ಟಿಕೊಂಡ ಕೈಮಾತು. ಅದು ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಹಿಂದಿನ ವರ್ಷ ಯಲ್ಲಾಪುರದ ಮಂಜುನಾಥ ಅವಳನ್ನು ಇಷ್ಟಪಟ್ಟು ಮದುವೆಯಾಗಿದ್ದ. ಬೇಕರಿಯಲ್ಲಿ ಕೆಲಸ ಮಾಡುವ ಒಳ್ಳೆಯ ಹುಡುಗ. ಊಟ, ನೀರು, ನೋವು, ಹೋಗು, ಬಾ ಇಷ್ಟನ್ನು ಕಲಿತಿದ್ದ. ಉಳಿದದ್ದಕ್ಕೆ ಅತ್ತೆಗೆ ವಿಡಿಯೋ ಕರೆ ಮಾಡುತ್ತಿದ್ದ. ದಿನಾ ಸಂಜೆ ತಾಯಿ ಮಗಳು ಮೊಬೈಲಿನ ಎದುರು ಕೂತು ಕೈಯಾಡಿಸುತ್ತಿದ್ದರು.

ಈಗ ರೇಣುಕಾ ಏಳು ತಿಂಗಳ ಬಸುರಿ. ಚೊಚ್ಚಲ ಬಾಣಂತನಕ್ಕೆ ತವರಿಗೆ ಕರೆತರುವ ಹೊತ್ತಿಗೆ ಗಂಗವ್ವನ ಕಾಲು ಮುರಿದಿತ್ತು. ಮಗಳು ಯಲ್ಲಾಪುರದಲ್ಲೇ ಉಳಿದಳು. ಅದರ ಬೆನ್ನಿಗೇ ಟವರು ಸುಟ್ಟಿತು.

ಗ್ರಂಥಾಲಯದಿಂದ ಗಂಗವ್ವನ ಮನೆಗೆ ಇಪ್ಪತ್ತು ಹೆಜ್ಜೆ. ಒಂದು ದಿನ ಅವಳು ಕಬ್ಬಿಣದ ವಾಕರು ಊರಿಕೊಂಡು, ಬೆವರು ಸುರಿಸುತ್ತ ಬಾಗಿಲಿಗೆ ಬಂದು ನಿಂತಳು.

"ಅಕ್ಕಾರ, ನಿಮ್ಮ ಕಂಪ್ಯೂಟರ್‌ದಾಗ ನೆಟ್ ಬರ್ತೈತಂತ. ಅದರಾಗ ನನ್ನ ಮಗಳು ಕಾಣ್ತಾಳೇನ್ರಿ?"

ಕ್ಯಾಮೆರಾ ಇಲ್ಲದ ಕಂಪ್ಯೂಟರಿನಲ್ಲಿ ಮಗಳು ಕಂಡರೂ ಮಗಳಿಗೆ ತಾಯಿ ಕಾಣುವುದಿಲ್ಲ ಎಂದು ಹೇಳಿದೆ. ಅವಳು ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟಳು. "ಇದಕ್ಕ ಕ್ಯಾಮೆರಾ ಐತಿ. ಅದಕ್ಕ ನೆಟ್ ಐತಿ. ಎರಡೂ ಒಂದ ಮೇಜಿನ ಮ್ಯಾಲ ಅದಾವು. ನಡುವ ಏನ ಅಡ್ಡ ಐತ್ರಿ?"

"ತಡೀರಿ, ನಾ ನೋಡ್ತೆ" ಎಂದುಬಿಟ್ಟೆ. ಹೇಳಿದ ಮೇಲೆ ಹೆದರಿಕೆಯಾಯಿತು.

ಮೊಬೈಲಿನ ನೆಟ್ಟನ್ನು ಕಂಪ್ಯೂಟರಿಗೆ ಕೊಡುವುದು ಎಲ್ಲರಿಗೂ ಗೊತ್ತು. ನನಗೆ ಬೇಕಾದದ್ದು ಉಲ್ಟಾ: ಕಂಪ್ಯೂಟರಿನ ನೆಟ್ಟನ್ನು ಮೊಬೈಲಿಗೆ, ಅದೂ ವೈಫೈ ಇಲ್ಲದೆ. ಬೆನ್ನಿಗೆ ಸಿಕ್ಕಿಸಿದ್ದ ಕಡ್ಡಿ ನೆನಪಾಯಿತು. ಸ್ಪೀಕರಿಗೆ ಕಥೆ ಕಳಿಸುವ ಬ್ಲೂಟೂತು ಮೊಬೈಲಿಗೆ ಇಂಟರ್ನೆಟ್ ಕಳಿಸಬಾರದೇಕೆ? ಹುಡುಕಿದರೆ ಸಾಧ್ಯ ಎಂದೇ ಬರೆದಿತ್ತು. ಗಂಗವ್ವನ ಮೊಬೈಲು ಕೆಡಿಸುವುದು ಬೇಡವೆಂದು ಮೊದಲು ನನ್ನದನ್ನೇ ಜೋಡಿಸಿದೆ. ಎರಡೂ ಒಂದನ್ನೊಂದು ಗುರುತಿಸಿದವು, ‘ಜೋಡಿಯಾಗಿದೆ’ ಎಂದವು. ನೆಟ್ ಮಾತ್ರ ಬರಲಿಲ್ಲ. ಮೂರು ದಿನ ಹೀಗೇ ಹೋಯಿತು. ಗಂಗವ್ವ ದಿನಾ ಬಂದು ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

ದಿನಾ ಪೇಪರು ಓದಲು ಬರುವವರಲ್ಲಿ ಫಕ್ಕೀರಪ್ಪನವರೆಂದು ಒಬ್ಬರಿದ್ದರು. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದವರು. ಕಂಪ್ಯೂಟರನ್ನು ಮುಟ್ಟಿದವರಲ್ಲ. ನಾಲ್ಕನೆಯ ದಿನ ಪೇಪರು ಮಡಚಿಟ್ಟು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

"ಮೇಡಂ, ಲೈನ್ ಕೆಟ್ರ ನಾವು ಎಲ್ಲಾ ಕಡೆ ಕೈ ಹಾಕ್ತಿರಲಿಲ್ರಿ. ಎಲ್ಲಿ ಮಟ ಬಂದೈತಿ ಅಂತ ಮೊದಲ ನೋಡೂದು. ಕಂಬದಿಂದ ಈ ಪೆಟ್ಟಿಗಿ ಮಟ ಬಂದೈತೇನು?"

"ಬಂದಿದೆ."

"ಪೆಟ್ಟಿಗಿಯಿಂದ ಕಂಪ್ಯೂಟರ್ ಮಟ?"

"ಅದೂ ಬಂದಿದೆ."

"ಹಂಗಾರ ಇಲ್ಲಿಂದ ಮುಂದ ಕೊಡ್ರಿ ಅಂತ ಯಾರಿಗೆ ಹೇಳೀರಿ? ಬರೂ ತಂತಿಗೆ ಹೇಳೀರೋ, ಹೋಗೂ ಬ್ಲೂಟೂತಿಗೆ ಹೇಳೀರೋ?"

ನಾನು ಬ್ಲೂಟೂತಿಗೆ ಹೇಳಿದ್ದೆ. ‘ಹಂಚಿಕೊಳ್ಳಲು ಅನುಮತಿಸಿ’ ಎಂಬ ಚೌಕದಲ್ಲಿ ಗುರುತು ಹಾಕಬೇಕಾದದ್ದು ತಂತಿಯ ಸಂಪರ್ಕದ ಹಾಳೆಯಲ್ಲಿ. ಹಂಚಿಕೊಳ್ಳುವುದು ತಂತಿ, ಪಡೆದುಕೊಳ್ಳುವುದು ಬ್ಲೂಟೂತು. ಅದನ್ನು ಬದಲಿಸಿದೆ. ಆಮೇಲೆ ಮೊಬೈಲಿನಲ್ಲಿ ಜೋಡಿಯಾದ ಕಂಪ್ಯೂಟರಿನ ಹೆಸರಿನ ಪಕ್ಕದ ಹಲ್ಲಿನ ಚಕ್ರದ ಚಿತ್ರ ಒತ್ತಿದರೆ, ಅದರೊಳಗೆ ‘ಇಂಟರ್ನೆಟ್ ಪ್ರವೇಶ’ ಎಂಬ ಇನ್ನೊಂದು ಗುಂಡಿ ಮಲಗಿತ್ತು. ಅದನ್ನು ಎಬ್ಬಿಸಿದೆ. ಒಂದು ಕ್ಷಣ ಏನೂ ಇಲ್ಲ. ನಂತರ ಟಣ್ ಟಣ್ ಎಂದು ಹನ್ನೆರಡು ದಿನದ ಸಂದೇಶಗಳು ಒಂದರ ಮೇಲೊಂದು ಬೀಳತೊಡಗಿದವು. ಫಕ್ಕೀರಪ್ಪನವರು, "ಬಂತು ನೋಡ್ರಿ ಡಯಲ್ ಟೋನ್" ಎಂದು ತಮ್ಮ ಪೇಪರಿಗೆ ಮರಳಿದರು.

ಗಂಗವ್ವನ ಮೊಬೈಲಿಗೂ ಹಾಗೆಯೇ ಮಾಡಿದೆ. ಹನ್ನೊಂದು ಗಂಟೆಗೆ ರೇಣುಕಾ ಕಂಡಳು. ಚೌಕಚೌಕವಾಗಿ ಒಡೆದ ಮುಖ, ತಡೆತಡೆದು ಬರುವ ಚಿತ್ರ. ಬ್ಲೂಟೂತಿನ ಸಣ್ಣ ಕೊಳವೆಯಲ್ಲಿ ಅಷ್ಟೇ ಹರಿಯುವುದು. ಕಂಪ್ಯೂಟರಿನಿಂದ ನಾಲ್ಕು ಹೆಜ್ಜೆ ದೂರ ಹೋದರೆ ಅದೂ ಇಲ್ಲ. ಮಾತಾಡುವವರಿಗೆ ಅಡ್ಡಿಯಿಲ್ಲ, ಒಂದು ಶಬ್ದ ತಪ್ಪಿದರೂ ಅರ್ಥವಾಗುತ್ತದೆ. ಕೈಮಾತಿಗೆ ಹಾಗಲ್ಲ. ಕೈ ಎದ್ದದ್ದು ಕಾಣುತ್ತಿತ್ತು, ಇಳಿದದ್ದು ಕಾಣುತ್ತಿತ್ತು, ನಡುವಿನ ಮಾತೇ ಮಾಯ. ಗಂಗವ್ವ ಎರಡೇ ದಿನದಲ್ಲಿ ಉಪಾಯ ಕಂಡುಕೊಂಡಳು. ಪ್ರತಿಯೊಂದು ಮಾತನ್ನೂ ಫೋಟೋಕ್ಕೆ ನಿಂತವಳಂತೆ ಹಿಡಿದು ನಿಲ್ಲಿಸುತ್ತಿದ್ದಳು. ಮಗಳು ತಲೆಯಾಡಿಸಿದ ಮೇಲೆಯೇ ಮುಂದಿನ ಮಾತು.

ಅಲ್ಲಿಂದ ಮುಂದೆ ದಿನಾ ಹನ್ನೊಂದಕ್ಕೆ ಅವರ ಸರದಿ. ನನಗೆ ಒಳಗೊಳಗೇ ಭಯವಿತ್ತು. ಪಂಚಾಯತಿಯ ಪಿಡಿಒ ಸಾಹೇಬರು ಕಟ್ಟುನಿಟ್ಟಿನವರು. ಸಂಗತಿ ತಿಳಿದು ಒಂದು ದಿನ ಬಾಗಿಲಲ್ಲಿ ನಿಂತು, "ಸರ್ಕಾರಿ ಲೈನು ಮೇಡಂ ಇದು. ಯಾರದೋ ಮೊಬೈಲಿನಿಂದ ವೈರಸ್ಸು ಬಂದು ಕಚೇರಿ ಕೆಲಸ ನಿಂತ್ರೆ ನಾ ನಿಮ್ಮ ಹೆಸರೇ ಬರೆಯೋದು" ಎಂದು ಹೇಳಿ ಹೋದರು. ನಿಲ್ಲಿಸಿ ಎನ್ನಲಿಲ್ಲ, ಮಾಡಿ ಎಂದೂ ಅನ್ನಲಿಲ್ಲ. ದಿನಾ ಆ ಚೌಕದಲ್ಲಿ ಗುರುತು ಹಾಕುವಾಗ ಬಾಗಿಲ ಕಡೆ ಒಮ್ಮೆ ನೋಡುವುದು ನನಗೆ ಅಭ್ಯಾಸವಾಯಿತು.

ಮೇ ಕೊನೆಯಲ್ಲಿ ನನ್ನ ತಂಗಿಯ ಮದುವೆ. ಎರಡು ದಿನ ಎಂದು ಹೇಳಿ ಮನ್ಮನೆಗೆ ಹೋದವಳು ನಾಲ್ಕು ದಿನ ಉಳಿದೆ. ತಂಗಿಯನ್ನು ಗಂಡನ ಮನೆಗೆ ಮುಟ್ಟಿಸಿ, ಅತ್ತು, ನಕ್ಕು, ಉಳಿದ ಹೋಳಿಗೆ ತಿಂದು, ಅಮ್ಮನ ಪಕ್ಕ ಮಲಗಿ ಎದ್ದೆ. ಗಂಗವ್ವನ ನೆನಪು ಬಂದಿತ್ತು. ಹೆರಿಗೆಗೆ ಇನ್ನೂ ಒಂದು ತಿಂಗಳು ಇದೆಯಲ್ಲ, ನಾಳೆ ಹೋದರಾಯಿತು ಎಂದುಕೊಂಡಿದ್ದೆ. ಇದನ್ನು ನಾನು ಯಾರಿಗೂ ಹೇಳಿಲ್ಲ.

ಸೋಮವಾರ ಬಾಗಿಲು ತೆಗೆಯುವಾಗ ಗಂಗವ್ವ ಮೆಟ್ಟಿಲ ಮೇಲೆ ಕೂತಿದ್ದಳು. "ನಾಕ್ ದಿನ ಆತ್ರಿ ಅಕ್ಕಾರ" ಎಂದಳು, ದೂರಿನಂತೆ ಅಲ್ಲ, ಲೆಕ್ಕ ಒಪ್ಪಿಸುವಂತೆ. ನಾನು ಗಡಿಬಿಡಿಯಲ್ಲಿ ಕಂಪ್ಯೂಟರು ಹಚ್ಚಿ ಅವಳ ಮೊಬೈಲು ಜೋಡಿಸಿದೆ. ನೆಟ್ ಬಂದದ್ದೇ ತೆರೆ ಕಂಪಿಸತೊಡಗಿತು. ರೇಣುಕಾಳಿಂದ ತಪ್ಪಿದ ವಿಡಿಯೋ ಕರೆ. ಮತ್ತೊಂದು. ಮತ್ತೊಂದು. ಹದಿನೇಳು ಕರೆಗಳು, ಮೂರು ದಿನದವು. ಕೊನೆಯದು ಆ ದಿನ ಬೆಳಗಿನ ಜಾವದ್ದು.

ಮಾತು ಬಾರದ ಹುಡುಗಿ ಹದಿನೇಳು ಸಲ ಕರೆದಿದ್ದಾಳೆ. ಏನು ಹೇಳಲು?

ಗಂಗವ್ವ ಕರೆ ಒತ್ತಿದಳು. ಉದ್ದಕ್ಕೂ ಬಾರಿಸಿ ನಿಂತಿತು. ಮತ್ತೆ ಒತ್ತಿದಳು. ನಾಲ್ಕನೆಯ ಸಲಕ್ಕೆ ಮಂಜುನಾಥ ಎತ್ತಿದ. ಹಿಂದೆ ಬಿಳಿ ಗೋಡೆ, ಓಡಾಡುವ ಜನ. ಅವನ ಕೂದಲು ಕೆದರಿತ್ತು.

"ಅತ್ತೆ, ಹುಬ್ಬಳ್ಳಿ ಆಸ್ಪತ್ರೇಲಿ ಇದ್ದೇವೆ. ಮೂರು ದಿನದಿಂದ ತಲೆನೋವು ಅಂತಿದ್ಲು, ಕಾಲು ಬೇರೆ ಬಾತಿತ್ತು. ನಂಗೆ ತಿಳೀಲಿಲ್ಲ ಅತ್ತೆ. ಬೆಳಿಗ್ಗೆ ಯಲ್ಲಾಪುರದಲ್ಲಿ ನೋಡಿ ಇಲ್ಲಿಗೆ ಕಳಿಸಿದ್ರು. ಬಿಪಿ ಏರಿದೆ. ಮಗುವಿನ ಎದೆಬಡಿತ ಇಳೀತಾ ಇದೆಯಂತೆ, ಈಗಲೇ ಆಪರೇಶನ್ ಆಗ್ಬೇಕಂತೆ. ಇವಳು ಯಾರನ್ನೂ ಹತ್ರ ಬಿಡ್ತಾ ಇಲ್ಲ. ಸೂಜಿ ಕಂಡ್ರೆ ಒದೀತಾಳೆ. ನಾ ಎಂತ ಹೇಳಿದ್ರೂ ಅವಳಿಗೆ ಅರ್ಥ ಆಗ್ತಿಲ್ಲ."

ಅವನು ಅಳುತ್ತಿದ್ದ. ಅವನ ಕೈಯಿಂದ ಮೊಬೈಲು ಯಾರದೋ ಕೈಗೆ ಹೋಯಿತು. ಹಸಿರು ಟೊಪ್ಪಿಗೆಯ ಒಬ್ಬ ಡಾಕ್ಟರಮ್ಮ. ನಿಧಾನವಾಗಿ, ಆದರೆ ಒಂದೂ ಶಬ್ದ ಹೆಚ್ಚಿಲ್ಲದಂತೆ ಹೇಳಿದರು: "ಅಮ್ಮಾ, ಬೆನ್ನಿಗೆ ಸೂಜಿ ಕೊಡುವಾಗ ಅಕಿ ಅಲ್ಲಾಡದಂಗ ಕುಂದರಬೇಕು. ಹಿಡದು ಒತ್ತಿ ಮಾಡೂದಲ್ಲ ಅದು. ನೀವು ತಿಳಿಸಿ ಹೇಳ್ರಿ. ಹತ್ತು ನಿಮಿಷ ಕಾಯ್ತೀನಿ. ಅದಕ್ಕಿಂತ ಹೆಚ್ಚು ಕಾಯಾಕ ಆಗೂದಿಲ್ಲ."

ಆಗಲೇ ಫ್ಯಾನು ನಿಂತಿತು. ಕರೆಂಟು ಹೋಯಿತು.

ಪಕ್ಕದ ಕಚೇರಿಯಲ್ಲಿ ಯುಪಿಎಸ್ಸು ಕೀಕ್ ಕೀಕ್ ಎಂದು ಕೂಗಲು ಶುರುಮಾಡಿತು. ಇಡೀ ಕಟ್ಟಡದ ಕಂಪ್ಯೂಟರುಗಳಿಗೆ, ಇಂಟರ್ನೆಟ್ ಪೆಟ್ಟಿಗೆಗೆ ಅದೊಂದೇ ಆಧಾರ; ಬ್ಯಾಟರಿ ಹಳೆಯದು, ಹೆಚ್ಚೆಂದರೆ ಏಳೆಂಟು ನಿಮಿಷ. ಫಕ್ಕೀರಪ್ಪನವರು ಎದ್ದು ಕಚೇರಿಗೆ ಓಡಿದರು. ಗೋಡೆಯಾಚೆ ಅವರ ಧ್ವನಿ, ಪಿಡಿಒ ಸಾಹೇಬರ ಧ್ವನಿ ಕೇಳಿಸಿತು. ಮರುಕ್ಷಣ ಸಾಹೇಬರೇ ಗಟ್ಟಿಯಾಗಿ, "ಎಲ್ಲಾ ಆಫ್ ಮಾಡ್ರಿ! ಸೇವ್ ಗೀವ್ ಏನೂ ಬ್ಯಾಡ, ಪಿನ್ನು ಕಿತ್ ಹಾಕ್ರಿ! ಗ್ರಂಥಾಲಯದ್ದು ಒಂದು ಇರ್ಲಿ!" ಎಂದರು. ನಾನು ಅವರ ಬಗ್ಗೆ ಇಟ್ಟುಕೊಂಡಿದ್ದ ಭಯವನ್ನೆಲ್ಲ ಅಂದೇ ಬಿಟ್ಟೆ.

ಮೊಬೈಲಿನಲ್ಲಿ ಈಗ ರೇಣುಕಾ ಇದ್ದಳು. ಮಂಚದ ಮೂಲೆಗೆ ಒತ್ತಿಕೊಂಡು, ಮೊಣಕಾಲು ಹೊಟ್ಟೆಗೆ ಅಡ್ಡ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು. ಮಂಜುನಾಥ ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದರೂ ಕಣ್ಣು ತೆರೆಯಲೊಲ್ಲಳು. ಕಿವಿ ಕೇಳದವರು ಕಣ್ಣು ಮುಚ್ಚಿಕೊಂಡರೆ ಅವರನ್ನು ಕರೆಯುವ ದಾರಿ ಯಾವುದು? ಗಂಗವ್ವನ ಎತ್ತಿದ ಕೈಗಳು ಗಾಳಿಯಲ್ಲೇ ನಿಂತವು. ಕೀಕ್ ಕೀಕ್ ಕೇಳುತ್ತಲೇ ಇತ್ತು.

"ಮಂಜು," ಎಂದಳು ಗಂಗವ್ವ, ನನಗೆ ಆಶ್ಚರ್ಯವಾಗುವಷ್ಟು ಮೆತ್ತಗೆ, "ಅಕೀ ಎಡಗಾಲಿನ ಅಂಗಾಲು ಹೆಬ್ಬೆಟ್ಟಿನಿಂದ ತಿಕ್ಕಪಾ. ಮೂರ್ ಸಲ ತಿಕ್ಕು, ಬಿಡು. ಮತ್ತ ಮೂರ್ ಸಲ. ಸಣ್ಣಾಕಿದ್ದಾಗ ನಾ ಹಂಗ ಎಬ್ಬಸ್ತಿದ್ದೆ."

ಚಿತ್ರ ಅಲುಗಾಡಿತು, ಚೌಕಗಳಾಗಿ ಒಡೆಯಿತು. ಕೂಡಿಕೊಂಡಾಗ ರೇಣುಕಾ ಕಣ್ಣು ತೆರೆದು ಬಾಗಿಲ ಕಡೆ ನೋಡುತ್ತಿದ್ದಳು. ತಾಯಿ ಬಂದಿದ್ದಾಳೆಂದು ಹುಡುಕುತ್ತಿದ್ದಳು. ಆಮೇಲೆ ಮೊಬೈಲು ಕಂಡಿತು.

ಗಂಗವ್ವ ಶುರುಮಾಡಿದಳು. ತೊಟ್ಟಿಲಿನಂತೆ ತೋಳು ಮಡಚಿ ನಿಲ್ಲಿಸಿದಳು: ಮಗು. ಬೆರಳಿನಿಂದ ಬೆನ್ನಿಗೆ ಚುಚ್ಚಿ ತೋರಿಸಿದಳು: ಸೂಜಿ. ನೋವಿಲ್ಲ ಎಂದು ತಲೆಯಾಡಿಸಿದಳು. ರೇಣುಕಾ ಎರಡೂ ಕೈಯಿಂದ ಬೇಡ ಬೇಡ ಎಂದಳು. ಡಾಕ್ಟರರ ಕಡೆ ಬೆರಳು ಮಾಡಿ, ಹೊಟ್ಟೆಯ ಮೇಲೆ ಗೆರೆ ಎಳೆದು, ಕೊರಳು ವಾಲಿಸಿದಳು. ಅದಕ್ಕೆ ಅರ್ಥ ಕೇಳಬೇಕಾಗಿರಲಿಲ್ಲ. ಹೊಟ್ಟೆ ಕೊಯ್ಯುತ್ತಾರೆ, ನಾನು ಸಾಯುತ್ತೇನೆ.

ಗಂಗವ್ವ ಇಲ್ಲ ಎಂದಳು. ಮತ್ತೆ ಇಲ್ಲ ಎಂದಳು. ಮಗಳು ನಂಬಲಿಲ್ಲ. ಒಮ್ಮೆ ಚಿತ್ರ ಪೂರಾ ನಿಂತು ಮತ್ತೆ ಬಂತು. ಗಂಗವ್ವ ನನ್ನ ಕಡೆ ತಿರುಗಿದಳು.

"ಅಕ್ಕಾರ, ನನ್ನ ಎತ್ತಿ ನಿಲ್ಲಸ್ರಿ."

ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದೆ. ಅವಳು ಮೇಜಿಗೆ ಒರಗಿ ನಿಂತು, ಸೀರೆಯ ನಿರಿಗೆ ಸಡಿಲಿಸಿ ಹೊಟ್ಟೆಯಿಂದ ಕೆಳಗೆ ಸರಿಸಿದಳು. ಬಾಗಿಲಿಗೆ ಬಂದಿದ್ದ ಫಕ್ಕೀರಪ್ಪನವರು ತಟ್ಟನೆ ಬೆನ್ನು ತಿರುಗಿಸಿ, ಎರಡೂ ತೋಳು ಚಾಚಿ ಬಾಗಿಲ ಚೌಕಟ್ಟು ಹಿಡಿದು ನಿಂತರು, ಯಾರೂ ಒಳಗೆ ಬರದಂತೆ. "ಮೊಬೈಲ್ ಸನೇಕ ಹಿಡೀರಿ" ಎಂದಳು ಗಂಗವ್ವ. ಒಂದು ಕೈಯಲ್ಲಿ ಅವಳನ್ನು, ಇನ್ನೊಂದರಲ್ಲಿ ಅವಳ ಹೊಟ್ಟೆಗೆ ಹತ್ತಿರವಾಗಿ ಮೊಬೈಲನ್ನು ಹಿಡಿದೆ. ಕೈ ನಡುಗಿದರೆ ಚಿತ್ರ ಒಡೆಯುತ್ತದೆಂದು ಮೊಣಕೈಯನ್ನು ಮೇಜಿಗೆ ಊರಿದೆ.

ಹೊಕ್ಕುಳಿಂದ ಕೆಳಗೆ ಉದ್ದಕ್ಕೆ ಒಂದು ಗಾಯದ ಗುರುತು. ಹಳೆಯದು, ಬೆಳ್ಳಗಿನದು, ಎರಡೂ ಬದಿಗೆ ಹೊಲಿಗೆಯ ಚುಕ್ಕಿಗಳು. ಗಂಗವ್ವ ಅದರ ಮೇಲೆ ಬೆರಳು ಓಡಿಸಲಿಲ್ಲ. ಓಡಿಸಿದರೆ ಕಾಣದೆಂದು ಅವಳಿಗೆ ಗೊತ್ತಿತ್ತು. ಅಂಗೈಯನ್ನು ಅದರ ಪಕ್ಕದಲ್ಲಿಟ್ಟು ಹಾಗೇ ನಿಂತಳು. ಆಮೇಲೆ ಬೆರಳನ್ನು ಮಗಳ ಕಡೆ ಚಾಚಿದಳು: ನೀನು. ಮತ್ತೆ ಗಾಯದ ಮೇಲೆ: ಇಲ್ಲಿಂದ. ಆಮೇಲೆ ತನ್ನ ಎದೆ ತಟ್ಟಿ, ನೆಟ್ಟಗೆ ನಿಂತು, ಮುರಿದ ಕಾಲಿನ ಮೇಲೂ ಭಾರ ಹಾಕಿ ತೋರಿಸಿದಳು: ನಾನು ಇದ್ದೇನೆ. ಇಲ್ಲೇ ನಿಂತಿದ್ದೇನೆ.

ರೇಣುಕಾ ಮೊಬೈಲಿನ ಹತ್ತಿರಕ್ಕೆ ಮುಖ ತಂದಳು. ಒಂದು ಕೈ ಎತ್ತಿದಳು. ಅರ್ಧಕ್ಕೆ ಎದ್ದ ಆ ಕೈ ಹಾಗೇ ನಿಂತಿತು. ಚಿತ್ರ ನಿಂತದ್ದೋ, ಅವಳು ನಿಂತದ್ದೋ ಎಂದು ನೋಡುವಷ್ಟರಲ್ಲಿ ಕೀಕ್ ಶಬ್ದ ಉದ್ದಕ್ಕೆ ಎಳೆದು ನಿಂತುಹೋಯಿತು. ಕಂಪ್ಯೂಟರಿನ ತೆರೆ ಕಪ್ಪಾಯಿತು.

"ಏನಂದ್ಲು?" ನಾನು ಕೇಳಿದೆ. "ಎಂತ ಹೇಳೋದಕ್ಕೆ ಕೈ ಎತ್ತಿದ್ಲು?"

"ಗೊತ್ತಾಗ್ಲಿಲ್ರಿ" ಎಂದಳು ಗಂಗವ್ವ. "ಹೂಂ ಅನ್ನಾಕೂ ಹಂಗ ಎತ್ತತಾಳ. ಒಲ್ಲೆ ಅನ್ನಾಕೂ ಹಂಗ ಎತ್ತತಾಳ."

ಫಕ್ಕೀರಪ್ಪನವರು ಮಂಜುನಾಥನ ನಂಬರು ಬರೆದುಕೊಂಡು ಸ್ಕೂಟರಿನಲ್ಲಿ ಮೋರಿಗೆ ಹೋದರು. ಮುಕ್ಕಾಲು ತಾಸಿನ ಮೇಲೆ ಬಂದು, "ಎತ್ತವಲ್ಲರಿ" ಎಂದರು. ಮತ್ತೆ ಹೋದರು. ಪಿಡಿಒ ಸಾಹೇಬರು ಕರೆಂಟಿನವರಿಗೆ ಹೇಳಲೆಂದು ಅವರ ಹಿಂದೆಯೇ ಬೈಕಿನಲ್ಲಿ ಹೋದರು. ನಾನು ಮತ್ತು ಗಂಗವ್ವ ಸೆಕೆಯಲ್ಲಿ ಕೂತೆವು. ಅವಳು ಸೀರೆ ಸರಿಮಾಡಿಕೊಂಡು, ಮೇಜಿನ ಮೇಲಿದ್ದ ಮಕ್ಕಳ ಪುಸ್ತಕಗಳನ್ನು ಒಂದೊಂದಾಗಿ ಅಂಚು ಕೂಡಿಸಿ ಜೋಡಿಸುತ್ತ ಹೋದಳು. ಜೋಡಿಸಿದ್ದನ್ನು ಕೆಡವಿ ಮತ್ತೆ ಜೋಡಿಸಿದಳು. ಹದಿನೇಳು ಕರೆಗಳ ಮಾತನ್ನು ನಾನೇ ಎತ್ತಿದೆ. "ನಾ ಎರಡನೇ ದಿನವೇ ಬಂದಿದ್ರೆ..." ಎಂದೆ. ಅವಳು ಪುಸ್ತಕದಿಂದ ಕಣ್ಣು ತೆಗೆಯದೆ, "ಬಂದಿದ್ರ ತಲಿನೋವು ಅಂದಿದ್ದು ತಿಳೀತಿತ್ತು" ಎಂದಳು. ಇಲ್ಲ ಬಿಡ್ರಿ ಎನ್ನಲಿಲ್ಲ. ನನ್ನನ್ನು ಸಮಾಧಾನ ಮಾಡುವ ಹೊತ್ತು ಅದಾಗಿರಲಿಲ್ಲ. ಇವತ್ತಿಗೂ ಅವಳು ಹೇಳಿದ್ದು ಸರಿ ಎಂದೇ ನನಗನಿಸುತ್ತದೆ.

ಎರಡು ಗಂಟೆಗೆ ಹತ್ತು ನಿಮಿಷವಿರುವಾಗ ಫ್ಯಾನು ತಿರುಗಿತು. ಕಂಪ್ಯೂಟರು ಹಚ್ಚಿದೆ. ಅದು ಎದ್ದು ಕೂರಲು ಎರಡು ನಿಮಿಷ ಹಿಡಿಯಿತು. ಮೊಬೈಲು ಜೋಡಿಯಾಯಿತು. ನೆಟ್ ಬರಲಿಲ್ಲ. ಹಂಚಿಕೊಳ್ಳುವ ಚೌಕ ತೆರೆದು ನೋಡಿದರೆ ಗುರುತು ಇದ್ದಲ್ಲೇ ಇದೆ. ಮೊಬೈಲಿನ ಗುಂಡಿಯೂ ಎದ್ದೇ ಇದೆ. ಎಲ್ಲ ಸರಿಯಿದ್ದೂ ಬರಲೊಲ್ಲದು. ಕಣ್ಣಿಗೆ ನೀರು ಬಂತು, ಅಕ್ಷರಗಳು ಕಲಸಿಹೋದವು. ಅಷ್ಟರಲ್ಲಿ ಮೋರಿಯಿಂದ ಮರಳಿದ ಫಕ್ಕೀರಪ್ಪನವರು ಹಿಂದೆ ಬಂದು ನಿಂತರು.

"ಇನ್ನೂ ಎತ್ತವಲ್ಲರಿ ಅಲ್ಲಿ. ಇಲ್ಲೇನ್ ಆಗೇತಿ?"

"ಗುರುತು ಇದೆ, ನೆಟ್ ಇಲ್ಲ."

"ಅದು ಬರೇ ತೋರ್ಸಾಕತ್ತೇತಿ. ತಗದ ಹಾಕ್ರಿ ಮೇಡಂ. ಬಿಚ್ಚಿ ಕಟ್ರಿ."

ಗುರುತು ತೆಗೆದು ‘ಸರಿ’ ಒತ್ತಿದೆ. ಮತ್ತೆ ಹಾಕಿ ‘ಸರಿ’ ಒತ್ತಿದೆ. ಮೊಬೈಲಿನ ಗುಂಡಿ ಮಲಗಿಸಿ ಎಬ್ಬಿಸಿದೆ.

ನಾವು ಕರೆ ಮಾಡಬೇಕಾಗಲಿಲ್ಲ. ಮೊಬೈಲೇ ಬಾರಿಸತೊಡಗಿತು. ಗಂಗವ್ವ ಅದನ್ನು ಒತ್ತಲಿಲ್ಲ; ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು ನನ್ನ ಕಡೆ ನೋಡಿದಳು. ನಾನೇ ಒತ್ತಿದೆ.

ಮೊದಲು ಕಂಡದ್ದು ಮಂಜುನಾಥನ ಅಂಗಿಯ ಗುಂಡಿ. ಆಮೇಲೆ ಹಸಿರು ಹೊದಿಕೆ. ಆಮೇಲೆ ರೇಣುಕಾ. ಮುಖ ಬಿಳಿಚಿಕೊಂಡಿತ್ತು, ತುಟಿ ಒಣಗಿತ್ತು, ಕಣ್ಣು ತೆರೆದಿದ್ದವು. ಅವಳ ತೋಳಿನ ಪಕ್ಕದಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ಕೆಂಪು ಮುಖ, ಬಾಯಿ ಪೂರ್ತಿ ತೆರೆದುಕೊಂಡು ಅಳುತ್ತಿತ್ತು. ಚಿತ್ರ ತಡೆತಡೆದು ಬಂದರೂ ಅಳು ಮಾತ್ರ ಒಂದಿಷ್ಟೂ ತಡೆಯದೆ ಗ್ರಂಥಾಲಯದ ತುಂಬ ತುಂಬಿತು. "ಹೆಣ್ಣು ಅತ್ತೆ" ಎಂದ ಮಂಜುನಾಥ. "ಎಂಟನೇ ತಿಂಗಳು ತುಂಬಿದ್ದಾದ್ರೂ ಗಟ್ಟಿ ಇದೆ ಹೇಳಿದ್ರು. ಕರೆ ಕಟ್ಟಾದ ಮೇಲೆ ಇವಳೂ ಅಲ್ಲಾಡ್ದೆ ಕೂತು ಸೂಜಿ ಹಾಕಿಸ್ಕೊಂಡ್ಲು."

ಫಕ್ಕೀರಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು.

ರೇಣುಕಾ ಮಾತ್ರ ನಗುತ್ತಿರಲಿಲ್ಲ. ಮಗುವಿನ ತೆರೆದ ಬಾಯಿಯನ್ನೇ ಗಾಬರಿಯಿಂದ ನೋಡುತ್ತಿದ್ದಳು. ತಾಯಿಯ ಕಡೆ ತಿರುಗಿ, ಬಾಯಿ ಮುಟ್ಟಿ, ಕಿವಿ ಮುಟ್ಟಿ, ಅಂಗೈ ಮೇಲೆ ಮಾಡಿದಳು. ಅಳುತ್ತಿದೆಯಾ? ಶಬ್ದ ಬರುತ್ತಿದೆಯಾ? ಕಿವಿ ಕೇಳದ ತಾಯಿಗೆ ಆ ತೆರೆದ ಬಾಯಿಯಿಂದ ಏನಾದರೂ ಬರುತ್ತಿದೆಯೋ, ಏನೂ ಬರುತ್ತಿಲ್ಲವೋ, ತಿಳಿಯುವ ಬಗೆ ಇರಲಿಲ್ಲ.

ಗಂಗವ್ವ ಎರಡೂ ಕೈಗಳನ್ನು ಅಗಲಕ್ಕೆ ಚಾಚಿದಳು, ಸಾಧ್ಯವಾದಷ್ಟು ಅಗಲಕ್ಕೆ, ಕಪಾಟಿಗೆ ಬೆರಳು ತಾಗುವಷ್ಟು. ಇಷ್ಟು! ರೇಣುಕಾ ನಂಬದೆ ನೋಡಿದಳು. ಗಂಗವ್ವ ತನ್ನ ಅಂಗೈಯನ್ನು ತನ್ನ ಎದೆಯ ಮೇಲಿಟ್ಟು ಒತ್ತಿ ಹಿಡಿದು ತೋರಿಸಿದಳು. ಹೀಗೆ ಇಟ್ಟು ನೋಡು.

ರೇಣುಕಾ ಸೂಜಿ ಅಂಟಿಸಿದ ಕೈಯನ್ನು ನಿಧಾನವಾಗಿ ಎತ್ತಿ ಮಗುವಿನ ಎದೆಯ ಮೇಲೆ ಇಟ್ಟಳು. ಪುಟ್ಟ ಎದೆ ಅಳುವಿಗೆ ಅದುರುತ್ತಿತ್ತು. ಅವಳ ಬೆರಳುಗಳೂ ಅದರೊಡನೆ ಅದುರಿದವು. ಅವಳು ಕಣ್ಣು ಮುಚ್ಚಿಕೊಂಡಳು. ಈ ಸಲ ಭಯದಿಂದಲ್ಲ. ಎಷ್ಟೋ ಹೊತ್ತು ಹಾಗೇ ಇದ್ದಳು. ಚಿತ್ರ ನಿಂತಿದೆಯೇನೋ ಎಂದು ನಾನು ಬಗ್ಗಿ ನೋಡಿದೆ, ನಿಂತಿರಲಿಲ್ಲ.

ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಭುಜ ತಟ್ಟಿದಳು.

"ಸಾಕ್ರಿ ಅಕ್ಕಾರ, ಬಂದ್ ಮಾಡ್ರಿ. ಕೂಸಿಗೆ ಹಸಿವಾಗೇತಿ, ಹಾಲ್ ಕುಡಸ್ಲಿ."